ಸುಬಲ್ ಕುಡಿದಿರಲಿಲ್ಲ, ನಿಮ್ಮ ಮೀಟರಿನ ಮೂಗು ಕಟ್ಟಿತ್ತು

ಮಾನ್ಯ ಖರೀದಿ ಮುಖ್ಯಾಧಿಕಾರಿಗಳೇ,

ಹಲ್ದಿಯಾದ ನಿಮ್ಮ ತೈಲ ಡಿಪೋದ ಗೇಟಿನ ಫಲಕದಲ್ಲಿ, ಸುಬಲ್ ಹಾಲ್ದಾರ್ ಕುಡಿದು ಕೆಲಸಕ್ಕೆ ಬಂದು ಟ್ಯಾಂಕಿನೊಳಗೆ ಬಿದ್ದ ಎಂದು ಬರೆದು ಅಂಟಿಸಿದ್ದೀರಿ. ಅವನು ಕುಡಿದಿರಲಿಲ್ಲ. ಟ್ಯಾಂಕಿನ ಗ್ಯಾಸ್ ಅವನ ತಲೆಗೇರಿತ್ತು. ಅದನ್ನು ಕೂಗಿ ಹೇಳಬೇಕಾಗಿದ್ದ ಯಂತ್ರ ಸುಮ್ಮನಿತ್ತು. ಆ ಯಂತ್ರವನ್ನು ಆರಿಸಿ ತಂದವರು ನೀವು. ಸೋಮವಾರ ಸುಬಲ್‌ನ ವಿಚಾರಣೆಗೆ ಅಧ್ಯಕ್ಷರಾಗಿ ಕೂರುವವರೂ ನೀವೇ. ನಿಮ್ಮ ಕಚೇರಿಗೆ ಬಂದಾಗಲೆಲ್ಲ ನೀವು ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಈ ಪತ್ರಿಕೆಯವರನ್ನು ಕಾಡಿಬೇಡಿ ಇಲ್ಲಿ ಬರೆಯುತ್ತಿದ್ದೇನೆ. ಬರೆದದ್ದರಿಂದ ಏನಾಗುವುದೋ ಎಂಬ ಹೆದರಿಕೆಯೂ ಇದೆ. ಬರೆಯದಿದ್ದರೆ ಏನಾಗುವುದೋ ಎಂಬುದು ಅದಕ್ಕಿಂತ ದೊಡ್ಡದು.

ನನ್ನ ಕೆಲಸ ನಿಮಗೆ ತಿಳಿದಿರಲಿಕ್ಕಿಲ್ಲ. ಖಾಲಿ ಮಾಡಿದ ಟ್ಯಾಂಕಿನೊಳಗೆ ತಳದ ಕೆಸರು ಕೆರೆಯಲು ಒಬ್ಬ ಹೋಗುತ್ತಾನೆ. ಅವನ ಸೊಂಟದ ಹಗ್ಗದ ತುದಿ ಹಿಡಿದು ನಾನು ಟ್ಯಾಂಕಿನ ಪಕ್ಕೆಯ ಬಾಯಿಯ ಬಳಿ ಕೂರುತ್ತೇನೆ. ಒಳಗೆ ಹೋದವನು ಕಾಣುವುದಿಲ್ಲ, ಆದ್ದರಿಂದ ಮಾತಾಡಿಸುತ್ತಲೇ ಇರಬೇಕು. ಮಾತು ಕೆಟ್ಟರೆ ಎಳೆಯಬೇಕು. ಎಂಟನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಹೇಳಿ ಮಾಡಿಸಿದ ಕೆಲಸ. ಮನೆಯ ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗಿ ನೋಡುವವನು ನಾನು. ಹೆದರುವುದಕ್ಕೆ ಸಂಬಳ ಕೊಡುವ ಜಾಗ ಬೇರೆಲ್ಲಿದೆ?

ಸುಬಲ್‌ನನ್ನು ಮಾತಾಡಿಸುವುದು ಕಷ್ಟವಲ್ಲ. ಅವನು ಗಡಿಯಾಚೆಯಿಂದ ವಲಸೆ ಬಂದವರ ಮೆಚ್ಚಿನ ಈಸ್ಟ್ ಬೆಂಗಾಲ್ ತಂಡದ ಕಡೆ, ನಾನು ಮೋಹನ್ ಬಗಾನ್ ಕಡೆ. ಫುಟ್ಬಾಲ್ ಎಂದರೆ ಸಾಕು, ಟ್ಯಾಂಕೇ ಗುಡುಗುತ್ತದೆ. ಅವನು ತನ್ನ ತಂಡದವರ ಇಲಿಶ್ ಮೀನಿನ ಹೆಸರಿನಲ್ಲಿ ಆಣೆಯಿಟ್ಟರೆ ನಾನು ನಮ್ಮವರ ಸಿಗಡಿಯ ಹೆಸರಿನಲ್ಲಿ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಅವನು ಸೋಲೊಪ್ಪಿದವನಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವಿಶ್ವಕರ್ಮ ಪೂಜೆಯ ದಿನ ಹೊಸ ಗ್ಯಾಸ್ ಮೀಟರುಗಳನ್ನು ನೀವೇ ನಮಗೆ ಕೊಟ್ಟಿರಿ. ಅವುಗಳನ್ನು ದೇವರ ಮುಂದೆ ಸಾಲಾಗಿ ಇಟ್ಟಿದ್ದರು. ನಾನು ಕೈಮುಗಿದು ಕೇಳಿದೆ: "ಸರ್, ಇದು ನಮ್ಮ ಟ್ಯಾಂಕಿನ ಗ್ಯಾಸಿಗೆ ಸರಿಹೋಗತ್ತಾ?"

"ಸ್ಫೋಟ ನಿರೋಧಕ ಅಂತ ಮೈಮೇಲೇ ಬರೆದಿದೆಯಲ್ಲಪ್ಪಾ. ಇನ್ನೇನು, ನಿನಗೆ ಜಾತಕ ತೋರಿಸ್ಬೇಕಾ?" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ದೊಡ್ಡವರು ತಮಾಷೆ ಮಾಡಿದಾಗ ನಗದೆ ಇರುವುದು ಹೇಗೆ? ಆಮೇಲೆ ಪುರೋಹಿತರು ಇದಕ್ಕೆ ಮುಖ ಯಾವುದು ಎಂದು ಕೇಳಿದರು. ಮುಂಭಾಗದ ಸಣ್ಣ ಜಾಲರಿಯನ್ನು ತೋರಿಸಿ, ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ನೀವೇ ಹೆಬ್ಬೆರಳಿನಿಂದ ಒತ್ತಿ ಹಚ್ಚಿದಿರಿ. ಒಂದನ್ನೂ ಬಿಡಲಿಲ್ಲ. ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ನಾನೂ ಖಿಚಡಿ ಉಂಡೆ, ನಾನೂ ಬೇಡಿಕೊಂಡೆ. ಆದರೆ ಅದು ಮುಖವಲ್ಲ ಸ್ವಾಮಿ, ಮೂಗು. ಯಂತ್ರ ಉಸಿರೆಳೆಯುವ ಜಾಗ ಅದೊಂದೇ.

ಮರುದಿನ ಬೆಳಿಗ್ಗೆ ಟ್ಯಾಂಕು ತೆರೆದರು. ಮೀಟರನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರು. ಸೊನ್ನೆ. ನನಗೆ ವಾಸನೆ ಬಂದ ಹಾಗಾಯಿತು. ಮೇಲ್ವಿಚಾರಕ ಮೈತಿ ಬಾಬುಗೆ ಹೇಳಿದೆ.

"ಖಗೇನ್, ಮೀಟರ್ ಸೊನ್ನೆ ಅಂತಿದೆ. ನಿನ್ನ ಮೂಗಿಗೆ ಯಾವ ಸರ್ಕಾರ ಸರ್ಟಿಫಿಕೇಟ್ ಕೊಟ್ಟಿದೆ?"

"ಬಾಬು, ಗಾಳಿ ಕೊಳವೆಯ ಮುಖವಾಡ ಆದ್ರೂ ಹಾಕಿಸಿ."

"ಸೊನ್ನೆಗೂ ಮುಖವಾಡ ಹಾಕ್ತಾ ಕೂತ್ರೆ ದುರ್ಗಾಪೂಜೆ ಹೊತ್ತಿಗೂ ಕೆಲಸ ಮುಗಿಯಲ್ಲ!"

ಸುಬಲ್ ನನ್ನ ಬೆನ್ನು ತಟ್ಟಿದ. "ಖಗೇನ್‌ದಾ, ನೀವು ಹೆದರಿಕೊಂಡು ಇಲ್ಲೇ ಆರಾಮಾಗಿ ಕೂತಿರಿ, ನಾನು ಬಂದೆ," ಎಂದು ಒಳಗೆ ಹೋದ. ಕೆಸರು ಕೆರೆಯುವ ಸದ್ದು, ಅದರ ನಡುವೆ ಅವನ ಬೈಗುಳ. ನಮ್ಮ ಗೋಲ್‌ಕೀಪರನನ್ನು ತೂತು ಬುಟ್ಟಿ ಎಂದ. ನಾನು ಅವರ ತಂಡವನ್ನು ನಿರಾಶ್ರಿತರ ಶಿಬಿರ ಎಂದೆ. ಅದಕ್ಕೆ ಉತ್ತರ ತಡವಾಯಿತು. ಮತ್ತೆ ಕೆಣಕಿದೆ. ಆಗ ಒಳಗಿನಿಂದ ತುಂಬಾ ಮೆತ್ತಗೆ ಬಂತು: "ಆಯ್ತು ದಾದಾ... ನೀವೇ ಗೆದ್ರಿ."

ಮೀಟರನ್ನು ನೋಡಲೂ ಇಲ್ಲ, ಹಗ್ಗ ಎಳೆದೆ. ಮೈತಿ ಬಾಬು ಓಡಿ ಬಂದು ಕೈಜೋಡಿಸಿದರು. ಕೆಸರಿನ ಮೇಲೆ ಜಾರುತ್ತಾ ಬಂದವನ ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ತನ್ನ ಮಾವ ಅಂದುಕೊಂಡಿದ್ದ. ಅಗ್ನಿಶಾಮಕದವರು ಬಂದು ತಮ್ಮ ಹಳೆಯ ಮೀಟರನ್ನು ಒಳಗೆ ಹಿಡಿದದ್ದೇ ತಡ, ಅದು ಕಿರುಚಿಕೊಂಡಿತು. ಪಕ್ಕದಲ್ಲೇ ನೇತಾಡುತ್ತಿದ್ದ ನಿಮ್ಮದು ಆಗಲೂ ಸೊನ್ನೆ.

ಅವರಲ್ಲೊಬ್ಬನನ್ನು ಕೇಳಿದೆ, ಈ ಸ್ಫೋಟ ನಿರೋಧಕ ಅಂದರೆ ಏನಪ್ಪಾ ಎಂದು. "ದಾದಾ, ಅದು ತನ್ನೊಳಗಿನ ಕಿಡಿಯಿಂದ ಹೊರಗೆ ಬೆಂಕಿ ಹಚ್ಚಲ್ಲ ಅಂತ ಅಷ್ಟೇ. ಗ್ಯಾಸ್ ಕಂಡುಹಿಡಿಯತ್ತಾ ಇಲ್ವಾ ಅನ್ನೋದು ಬೇರೆ ವಿಷಯ," ಎಂದ. ಇದು, ಕೆಲಸದ ಹೊತ್ತಿನಲ್ಲಿ ಬೀಡಿ ಸೇದುವುದಿಲ್ಲ ಎಂದು ಕಾವಲುಗಾರನೊಬ್ಬ ಮಾತು ಕೊಟ್ಟ ಹಾಗೆ. ಒಳ್ಳೆಯದೇ, ಬೇಕಾದದ್ದೇ, ಆ ಮಾತಿಲ್ಲದವನನ್ನು ಟ್ಯಾಂಕಿನ ಹತ್ತಿರ ಬಿಡಲೂ ಬಾರದು. ಆದರೆ ಅವನಿಗೆ ಕಣ್ಣು ಕಾಣುತ್ತದೆಯೇ ಎಂದು ಕೇಳಬೇಡವೇ? ನೀವು ಮೈಮೇಲಿನ ಬರಹ ಓದಿ ಕೊಂಡಿರಿ. ನಮ್ಮ ಟ್ಯಾಂಕಿನ ಗ್ಯಾಸ್ ಯಾವುದು, ಅದು ತಳದಲ್ಲಿ ಮಲಗುತ್ತದೆಯೋ ಮೇಲೇರುತ್ತದೆಯೋ, ಎಣ್ಣೆ ಮತ್ತು ಧೂಳಿನ ನಡುವೆ ಈ ಯಂತ್ರ ಬಾಳುತ್ತದೆಯೋ ಎಂದು ಒಳಗೆ ಹೋಗುವ ಒಬ್ಬನನ್ನಾದರೂ ಕೇಳಿದಿರಾ? ಮೀಟರಿನ ಜೊತೆ ಪರೀಕ್ಷೆಯ ಗ್ಯಾಸಿನ ಪುಟ್ಟ ಸಿಲಿಂಡರೂ ಬರಬೇಕಿತ್ತಂತೆ. ಪ್ರತಿದಿನ ಒಂದಿಷ್ಟು ಅದರ ಮೂಗಿಗೆ ಬಿಟ್ಟು ಕೂಗುತ್ತದೆಯೋ ಎಂದು ನೋಡಲು. ಅನಗತ್ಯ ಎಂದು ಅದನ್ನು ಕೈಬಿಟ್ಟಿರಂತೆ. ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ನೋಡದೆ ನೀವು ಮೀನು ಕೊಳ್ಳುತ್ತೀರಾ?

ಈಗ ನಿಮ್ಮ ಕಚೇರಿಯವರ ವಾದ ಹೀಗಿದೆ: ಮೀಟರ್ ಸೊನ್ನೆ ತೋರಿಸಿತು, ಆದ್ದರಿಂದ ಗ್ಯಾಸ್ ಇರಲಿಲ್ಲ. ಗ್ಯಾಸ್ ಇರಲಿಲ್ಲ, ಆದ್ದರಿಂದ ತೊದಲಿದವನು ಕುಡಿದಿರಬೇಕು. ಅಗ್ನಿಶಾಮಕದ ಮೀಟರ್ ಕೂಗಿತಲ್ಲ ಎಂದರೆ, ಗ್ಯಾಸ್ ಆಮೇಲೆ ಬಂದಿರಬಹುದಂತೆ. ಎಷ್ಟು ಮರ್ಯಾದಸ್ಥ ಗ್ಯಾಸು! ಅಧಿಕಾರಿಗಳ ಮೀಟರಿಗೆ ಮುಜುಗರವಾಗಬಾರದೆಂದು ಕಾದುಕೊಂಡಿತ್ತು. ಇನ್ನೊಂದು ಮಾತು. ಅದೇ ಬೆಳಿಗ್ಗೆ ಗೇಟಿನಲ್ಲಿ ನಿಮ್ಮದೇ ಕಾವಲುಗಾರ ಸುಬಲ್‌ನ ಬಾಯಿಗೆ ಮದ್ಯ ಪತ್ತೆಯ ಯಂತ್ರವಿಟ್ಟು ಊದಿಸಿ ಒಳಗೆ ಬಿಟ್ಟಿದ್ದ. ಅದು ಕೂಡ ಸೊನ್ನೆ ತೋರಿಸಿತ್ತು. ಎರಡು ಸೊನ್ನೆಗಳಲ್ಲಿ ಒಂದು ಸುಳ್ಳು ಹೇಳುತ್ತಿದೆ. ನೀವು ಕೊಂಡ ಸೊನ್ನೆಯನ್ನು ನಂಬಿ ಸುಬಲ್‌ನ ಉಸಿರಿನ ಸೊನ್ನೆಯನ್ನು ತಳ್ಳಿಹಾಕಿದ್ದು ಯಾವ ನ್ಯಾಯ?

ಸುಬಲ್ ಈಗ ಮನೆಯಲ್ಲಿದ್ದಾನೆ. ಲೋಟ ಹಿಡಿದರೆ ಕೈ ನಡುಗುತ್ತದೆ. ನೋಡಿದವರು ಅದಕ್ಕೂ ಬೇರೆ ಅರ್ಥ ಹಚ್ಚುತ್ತಾರೆ. ಅವನ ಹೆಂಡತಿ ಪುತುಲ್ ನಾಲ್ಕು ಜನ ಸೇರುವ ಕೊಳದ ಮೆಟ್ಟಿಲಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. "ಖಗೇನ್‌ದಾ, ಗ್ಯಾಸ್ ಇವತ್ತಲ್ಲ ನಾಳೆ ಮೈಯಿಂದ ಇಳಿಯತ್ತೆ. ಫಲಕದ ಮೇಲೆ ಬರೆದದ್ದು ಇಳಿಯತ್ತಾ?" ಎಂದಳು. ಓದಿದವರು ನೀವು, ಉತ್ತರ ನೀವೇ ಹೇಳಿ.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರ ವಿಚಾರಣೆ ಶುರುವಾಗುವ ಮೊದಲು ಆ ಮೀಟರನ್ನು, ಸಿಂಧೂರ ಒರೆಸದೆ, ಮೇಜಿನ ಮೇಲೆ ಇಡಿಸಿ. ಅಗ್ನಿಶಾಮಕದವರನ್ನು ಕರೆಸಿ, ಎಲ್ಲರೆದುರು ಅದರ ಮೂಗಿಗೆ ಪರೀಕ್ಷೆಯ ಗ್ಯಾಸ್ ಬಿಡಿಸಿ. ಅದು ಕೂಗಿದರೆ ಸುಬಲ್‌ನ ಜೊತೆ ನನ್ನನ್ನೂ ಕೆಲಸದಿಂದ ತೆಗೆಯಿರಿ. ಕೂಗದಿದ್ದರೆ ಫಲಕದ ಆ ಕಾಗದವನ್ನು ನೀವೇ ಹರಿಯಿರಿ, ಮತ್ತು ಟ್ಯಾಂಕಿನೊಳಗೆ ಹೋಗುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇರೆ ಮೀಟರ್ ಆರಿಸಿ.

ಇಲ್ಲ, ನಿಮ್ಮ ಸೊನ್ನೆಯ ಮೇಲೆ ನಿಮಗೆ ಅಷ್ಟೊಂದು ನಂಬಿಕೆಯಿದ್ದರೆ ಮುಂದಿನ ಟ್ಯಾಂಕಿಗೆ ನೀವೇ ಬನ್ನಿ. ಹಗ್ಗ ನಾನು ಹಿಡಿಯುತ್ತೇನೆ. ಆದರೆ ನೀವು ಯಾವ ತಂಡದವರು ಎಂದು ಮೊದಲೇ ತಿಳಿಸಿಬಿಡಿ ಸ್ವಾಮಿ. ಗೊತ್ತಿಲ್ಲದಿದ್ದರೆ ಯಾವಾಗ ಎಳೆಯಬೇಕೆಂದು ನನಗೆ ತಿಳಿಯುವುದಿಲ್ಲ.

ಇಂತಿ,
ಗೆದ್ದಿರಿ ಎಂದರೆ ಈಗಲೂ ಬೆಚ್ಚಿಬೀಳುವ,
ಖಗೇನ್ ಭುನಿಯಾ
ಟ್ಯಾಂಕಿನ ಬಾಯಿ ಕಾಯುವವನು