ಗೆರೆ ಬೀಳದ ವಚನಗಳು

ಇಸವಿ 2191, ಫೆಬ್ರವರಿ 30
ಮಲಪ್ರಭೆಯ ದಂಡೆ

ಪೂಜ್ಯರಾದ ಸುವಾರ್ತಮ್ಮಜ್ಜಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಕೃಪಾವತಿ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕನ್ನಡವನ್ನು ನಿಮ್ಮ ಸತ್ಯವೇದದಿಂದಲೇ ಕಲಿತವಳು ನಾನು. ಆದರೆ ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮಲ್ಲಿ ಈಗ ಸತ್ಯವೇದವನ್ನು ಯಾರೂ ಬಿಡಿಸಿ ಓದುವುದಿಲ್ಲ. ತಲೆದಿಂಬಿನ ಪಕ್ಕದಲ್ಲಿ ಅಂಗಿಯ ಗುಂಡಿಯಷ್ಟು ಚಿಕ್ಕದೊಂದು ಯಂತ್ರ ಇರುತ್ತದೆ, ಅದಕ್ಕೆ ಸಮಾಧಾನಿ ಎನ್ನುತ್ತೇವೆ. ಬೆಳಗ್ಗೆ ಎದ್ದೊಡನೆ ನಮ್ಮ ನಾಡಿ ನೋಡಿ, ಆ ದಿನದ ಮನಸ್ಸಿಗೆ ಹೊಂದುವ ವಚನವೊಂದನ್ನು ಮೆಲ್ಲಗೆ ಹೇಳುತ್ತದೆ. ಆಮೇಲೆ ಒಲೆಯ ಕೆಲಸ, ಅಡುಗೆಗೆ ಮುಂಚೆ ದೇವರಿಗೆಂದು ಒಂದು ಹಿಡಿ ಜೋಳ ತೆಗೆದಿಡುವುದು. ನಿಮ್ಮ ಆ ಹಿಡಿಕಾಳಿನ ಪದ್ಧತಿ ಇನ್ನೂ ಇದೆ, ಭಾನುವಾರ ಚೀಲ ಹೊತ್ತು ದೇವಾಲಯಕ್ಕೆ ಹೋಗುತ್ತೇವೆ.

ನನಗೊಬ್ಬ ತಮ್ಮನಿದ್ದಾನೆ, ಯೋನಾತಾನ. ಅವ್ವ ತೀರಿಕೊಂಡಾಗ ಮಣ್ಣಿಗೆ ತಡವಾಗಿ ಬಂದನೆಂದು ಅವನ ಮುಖಕ್ಕೇ ಬಾಗಿಲು ಹಾಕಿದವಳು ನಾನು. ಏಳು ವರ್ಷ ಅವನೊಡನೆ ಮಾತಿರಲಿಲ್ಲ. ಆ ಏಳು ವರ್ಷವೂ ಸಮಾಧಾನಿ ನನಗೆ ಹೇಳಿದ್ದೇನು ಗೊತ್ತೆ? ದೇವರು ನಿನ್ನ ಆಶ್ರಯ, ನಿನ್ನ ವೈರಿಗಳು ನಾಚಿಕೊಳ್ಳುವರು, ಹೆದರಬೇಡ. ನಾನು ಹಾಯಾಗಿ ನಿದ್ದೆ ಮಾಡಿದೆ.

ಹೋದ ವರ್ಷ ಅಟ್ಟದ ಪೆಟ್ಟಿಗೆಯಲ್ಲಿ ನಿಮ್ಮ ಸತ್ಯವೇದದ ಪುಸ್ತಕ ಸಿಕ್ಕಿತು. ಪುಟಪುಟಕ್ಕೂ ಕೆಂಪು ಪೆನ್ಸಿಲಿನ ಗೆರೆ. ಓದುತ್ತಾ ಹೋದರೆ ಗೆರೆ ಬಿದ್ದ ಮಾತೆಲ್ಲ ನನಗೆ ಬಾಯಿಪಾಠ! ವಿಚಾರಿಸಿದಾಗ ತಿಳಿಯಿತು: ಸಮಾಧಾನಿ ಮಾಡಿದವರು ನಿಮ್ಮ ಕಾಲದ ಸಾವಿರಾರು ಮನೆಗಳ ಪುಸ್ತಕ ತರಿಸಿ, ನೀವೆಲ್ಲ ಗೆರೆ ಎಳೆದ ವಚನಗಳನ್ನಷ್ಟೇ ಅದಕ್ಕೆ ಕಲಿಸಿದ್ದರು. ನಿಮಗೆ ಬೇಡವಾದದ್ದು ನಮಗೆ ಇಲ್ಲವೇ ಆಯಿತು.

ಆ ದಿನ ನಾನು ಹಟ ಹಿಡಿದು ಗೆರೆ ಇಲ್ಲದ್ದನ್ನೇ ಓದತೊಡಗಿದೆ. ಮತ್ತಾಯನ ಐದನೆಯ ಅಧ್ಯಾಯದಲ್ಲಿ, ನಿಮ್ಮ ಪೆನ್ಸಿಲು ಜಾಣತನದಿಂದ ದಾಟಿಹೋದ ಜಾಗದಲ್ಲಿ, ಕರ್ತನು ಹೇಳಿದ್ದ: ಕಾಣಿಕೆ ತಂದಿರುವಾಗ ನಿನ್ನ ಮೇಲೆ ಸಹೋದರನಿಗೆ ಬೇಸರವಿದೆಯೆಂದು ನೆನಪಾದರೆ ಅದನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗು. ನನಗೆ ಮೈಯೆಲ್ಲ ಉರಿಯಿತು. ಭಾನುವಾರ ಜೋಳದ ಚೀಲವನ್ನು ವೇದಿಕೆಯ ಮೆಟ್ಟಿಲ ಮೇಲಿಟ್ಟು, ಆರಾಧನೆಯ ನಡುವೆಯೇ ಎದ್ದು ಹೊರಟೆ. ಯೋನಾತಾನ ಬಾಗಿಲಲ್ಲಿ ನನ್ನನ್ನು ನೋಡಿದ. ತಲೆ ಪೂರಾ ನೆರೆತಿತ್ತು. “ಏಳು ವರ್ಷ ಬೇಕಾತೇನ ಅಕ್ಕಾ? ಒಳಗ ಬಾ, ರೊಟ್ಟಿ ಆರತಾವ” ಅಂದ. ನಾನು ಹೊಸ್ತಿಲಲ್ಲೇ ಕೂತು ಅತ್ತೆ.

ಇದನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳಿದ್ದೇ ತಪ್ಪಾಯಿತು. ಹಿರಿಯರಿಗೆ ಗಾಬರಿ. ಇಂಥ ವಚನಗಳಿಂದ ಜನರ ನೆಮ್ಮದಿ ಕೆಡುತ್ತದಂತೆ. ಪುಸ್ತಕವನ್ನು ದೇವಾಲಯದ ಗಾಜಿನ ಕಪಾಟಿಗೆ ಒಪ್ಪಿಸಬೇಕಂತೆ. ಸಮಾಧಾನಿ ಕೊಟ್ಟದ್ದನ್ನು ಬಿಟ್ಟು ಬೇರೆ ಓದಿದರೆ ನನ್ನನ್ನು ಸಭೆಯಿಂದ ಹೊರಗಿಡುತ್ತಾರೆ. ನನಗೆ ದೀಕ್ಷಾಸ್ನಾನವಾದ ಸಭೆ ಅದು, ನನ್ನ ಅವ್ವ ಮಲಗಿರುವ ಮಣ್ಣು ಅದರದ್ದು. ಆದರೂ ನಾಡಿದ್ದು ಭಾನುವಾರ ಸಭೆಯಲ್ಲಿ ಸಮಾಧಾನಿಯ ವಚನ ಓದುವ ಪಾಳಿ ನನ್ನದು, ನಾನು ಮತ್ತಾಯನ ಆ ಮಾತನ್ನೇ ಓದುತ್ತೇನೆ. ಮೈಕು ಕಿತ್ತುಕೊಂಡರೆ ದೇವರು ಕೊಟ್ಟ ಗಂಟಲಿದೆ. ಹೊರಗೆ ತಳ್ಳಿದರೆ ಕಿಟಕಿಯ ಹತ್ತಿರ ನಿಂತು ಓದುತ್ತೇನೆ. ಯೋನಾತಾನನೂ ಬರುತ್ತಾನಂತೆ.

ಅಜ್ಜಿ, ಈ ಕಾಗದ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ದೇವರೇ ಬಲ್ಲ. ಮುಟ್ಟಿದರೆ, ಇಂದು ಸಂಜೆಯ ಪ್ರಾರ್ಥನೆಗೆ ಕೂತಾಗ ನಿಮಗೆ ಚುಚ್ಚುವ ವಚನ ಹುಡುಕಿ ಅದರ ಕೆಳಗೂ ಒಂದು ಗೆರೆ ಎಳೆಯಿರಿ. ನಿಮ್ಮಿಂದ ಆಗದಿದ್ದರೆ ಬಿಡಿ, ಪುಸ್ತಕ ಈಗ ನನ್ನ ಮಡಿಲಲ್ಲಿದೆ, ಪೆನ್ಸಿಲೂ ಚೂಪಾಗಿದೆ.