ಕುಲುಮೆ ಗೆದ್ದ ಹಗುರ ಹಲಗೆ

ಪ್ರೀತಿಯ ಅಣ್ಣಾ,

ನಮ್ಮ ಹಲಗೆ ಗೆದ್ದಿತು! ಉಳಿದದ್ದೆಲ್ಲ ಆಮೇಲೆ, ಮೊದಲು ಇದನ್ನು ಕೇಳು. ನಮ್ಮೂರು ಸೊರಡಿಯ ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಕರೀ ಹಲಗೆ, ಕಬ್ಬಿಣವೇ ನೀರಾಗುವಷ್ಟು ಕಾವಿನ ಕುಲುಮೆಯೊಳಗೆ ಕೂತು, ಬಿರಿಯದೆ, ಬಾಗದೆ ಹೊರಬಂದಿದೆ. ನಿನಗಲ್ಲದೆ ಇನ್ನಾರಿಗೆ ಮೊದಲು ಹೇಳಲಿ?

ನೀನು ಮಿರಜದ ಕಡೆಯ ಕಾರ್ಖಾನೆ ಬಿಟ್ಟು ಊರಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಅಲ್ಲಿ ನೀನು ಇಟ್ಟಿಗೆ ತುಂಬಿದ ಕುಲುಮೆಯ ಬಾಗಿಲು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡಿದ್ದೆ. ಆದರೂ ಮುಖದಲ್ಲಿ ಎಂಥ ಹುರುಪು! ಚೀಲದಿಂದ ಕೂದಲಿಗಿಂತ ಸಣ್ಣ ಕರೀ ಎಳೆಗಳನ್ನು ತೆಗೆದು ನನ್ನ ಅಂಗೈಗಿಟ್ಟೆ.

"ಇವು ಕಾರ್ಬನ್ ಎಳಿ, ಗೌರಿ. ಗಾಳಿ ಇರಲಾರದ ಕುಲುಮ್ಯಾಗ ಎಷ್ಟ ಕಾಯ್ಸಿದ್ರೂ ಕರಗೂದಿಲ್ಲ. ಇವನ್ನ ಹಲಗಿ ಮಾಡಿ ಕುಲುಮಿ ಒಳಗ ಹಚ್ಚಿದ್ರ ಇಟ್ಟಂಗಿ ಹೊರೂದ ತಪ್ಪತೈತಿ. ನೀ ಕೆಮಿಸ್ಟ್ರಿ ಓದೀದಿ, ನನ್ನ ಕೂಡ ನಿಂದರ್ತೀಯೇನು?"

ನಿಲ್ಲದೆ ಇರುತ್ತಿದ್ದೆನೇ? ಎಳೆ ಕತ್ತರಿಸುವುದು, ಅಂಟಿನ ಪುಡಿಯ ಜೊತೆ ನೀರಿನಲ್ಲಿ ಕದಡುವುದು, ಅಚ್ಚಿಗೆ ಸುರಿದು ಬಸಿಯುವುದು. ಒಣಗಿದ ಮೇಲೆ ಗಾಳಿಯಾಡದಂತೆ ಮುಚ್ಚಿ ಕುಲುಮೆಯಲ್ಲಿ ಸುಟ್ಟರೆ ಅಂಟೂ ಕಾರ್ಬನ್ ಆಗಿ ಎಳೆಗಳನ್ನು ಹಿಡಿದುಕೊಳ್ಳಬೇಕು. ಹಿಡಿಯುತ್ತಲೇ ಇರಲಿಲ್ಲ. ಅಡಿ ಕಲ್ಲಿನಂತೆ, ಮೇಲ್ಭಾಗ ಮುಟ್ಟಿದರೆ ಉದುರುವ ಮಸಿ. ಪಕ್ಕದ ಮನೆಯ ಮಲ್ಲಪ್ಪ ಕಾಕಾ ಬೇಲಿಯಾಚೆಯಿಂದ, "ಇದ್ದಲಿ ರೊಟ್ಟಿ ಬೆಂದಾವೇನೋ?" ಎಂದು ಕೇಳಿದಾಗ ನೀನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಹಾಗೆ ನಗುತ್ತಿದ್ದ ಎದೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ನಿಂತೇಬಿಟ್ಟಿತು.

ನೀನು ಹೋದ ಮೇಲೆ ಸುನಂದಾ ವೈನಿಯನ್ನು ತವರಿಗೆ ಕರೆದೊಯ್ಯಲು ಸೋಲಾಪುರದಿಂದ ಅವಳ ಅಣ್ಣ ಬಂದಿದ್ದ. ನಿನ್ನ ಹೆಂಡತಿ ಎಂಥವಳೆಂದು ನಿನಗೆ ಗೊತ್ತಲ್ಲ! ಸೀರೆಯ ಸೆರಗು ಸಿಕ್ಕಿಸಿಕೊಂಡು ಶೆಡ್ಡಿನ ಬಾಗಿಲು ತೆಗೆದಳು. "ಕೆಲಸ ಅರ್ಧಕ್ಕ ನಿಂತೈತಿ. ಮುಗಿಲಿ, ಆಮ್ಯಾಲ ನೋಡೂಣು," ಎಂದಳು. ಅವಳ ಅಣ್ಣ ಚಹಾ ಕುಡಿದು ಹೋದ.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ವೈನಿಯ ಪಕ್ಕ, ಗಾಜಿನ ಬಾಟಲಿಯಲ್ಲಿ ಕದಡಿಟ್ಟ ನೀರನ್ನೇ ನೋಡುತ್ತಾ ಕೂತಿದ್ದೆ. ಎಳೆ ತೇಲುತ್ತಿತ್ತು, ಪುಡಿ ಮೆಲ್ಲಗೆ ತಳಕ್ಕಿಳಿಯುತ್ತಿತ್ತು. ನಮ್ಮ ಅಚ್ಚಿನಲ್ಲಿ ಆಗುತ್ತಿದ್ದುದೂ ಅದೇ! ನೀರು ತಾನಾಗಿ ಬಸಿಯುವಷ್ಟರಲ್ಲಿ ಅಂಟೆಲ್ಲ ಅಡಿಗೆ ಕೂರುತ್ತಿತ್ತು. ಅದು ಕೂರುವ ಮೊದಲೇ ನೀರನ್ನು ಎಳೆದುಬಿಟ್ಟರೆ? ಆದರೆ ಎಳೆಯಲು ಪಂಪು ಎಲ್ಲಿಂದ? ಅಷ್ಟರಲ್ಲಿ ಮಲ್ಲಪ್ಪ ಕಾಕಾನ ದನದ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ ಗುರುಗುಟ್ಟಿತು. ಅದೂ ಎಳೆಯುವ ಪಂಪೇ ಅಲ್ಲವೇ! ನಾನೂ ವೈನಿಯೂ ಒಟ್ಟಿಗೇ ಎದ್ದೆವು.

"ಕಾಕಾ, ನಿಮ್ಮ ಪಂಪ ಒಂದ ತಾಸು ಕೊಡ್ರಿ!"

"ಇದ್ದಲಿ ಹಿಂಡತೀರೇನ?" ಎಂದ. ಆದರೂ ತಾನೇ ಹೊತ್ತುಕೊಂಡು ಬಂದ, ಪಂಪಿನೊಳಗೆ ನೀರು ಹೋಗದಂತೆ ನಡುವೆ ಒಂದು ಡಬ್ಬಿಯನ್ನೂ ಜೋಡಿಸಿದ. ನೀರು ಸೊರ್ರೆಂದು ಇಳಿಯಿತು. ಅಚ್ಚಿನಲ್ಲಿ ಉಳಿದ ಹಲಗೆಯನ್ನು ಒಣಗಿಸಿ ಸುಟ್ಟು ತೆಗೆದರೆ, ಎಲ್ಲಿ ಒತ್ತಿದರೂ ಒಂದೇ ಸಮ. ಅಣ್ಣಾ, ನಾನು ಕುಣಿದೆ. ಕಾಕಾ ಕೂಡ!

ಮೊನ್ನೆ ನಿನ್ನ ಹಳೆಯ ಕಾರ್ಖಾನೆಯಲ್ಲೇ ಪರೀಕ್ಷೆ ನಡೆಯಿತು. ಗಾಳಿ ಹೊರತೆಗೆದ ಕುಲುಮೆಯಲ್ಲಿ ಬೆಳಗ್ಗೆಯಿಂದ ಕಾಯಿಸಿದರು. ಆರಿ ಬಾಗಿಲು ತೆರೆಯುವವರೆಗೆ ನಾನು ವೈನಿಯ ಕೈ ಬಿಡಲಿಲ್ಲ. ಹಲಗೆ ಹೇಗೆ ಹೋಗಿತ್ತೋ ಹಾಗೇ ಇತ್ತು. ಅದರ ಹಿಂದಿಟ್ಟಿದ್ದ ತಾಪಮಾಪಕ ನೋಡಿದ ಮೇಸ್ತ್ರಿ, ಕಾವು ಈ ಕಡೆಗೆ ದಾಟಿಲ್ಲ ಎಂದು ಕೂಗಿಯೇಬಿಟ್ಟ. ನೀನು ಅಲ್ಲಿ ಇರಬೇಕಿತ್ತು. ಯಾಕೆ ಇರಲಿಲ್ಲ ನೀನು?

ಈಗ ಹೊಸ ಸುದ್ದಿ. ಇಡೀ ಕುಲುಮೆಯ ಒಳಗೋಡೆಗೆ ಇಂಥ ಹಲಗೆಗಳನ್ನು ಮಾಡಿಕೊಡಲು ನಮಗೇ ಹೇಳಿದ್ದಾರೆ. ಇಂದು ಮುಂಜಾನೆ ಅವರ ಸಾಹೇಬರು ಅಳತೆ ಕೊಡಲು ಫೋನ್ ಮಾಡಿ, ಮರಾಠಿಯಲ್ಲಿ, ನಿಮ್ಮಲ್ಲಿ ಇಂಜಿನಿಯರ್ ಯಾರು ಎಂದು ವಿಚಾರಿಸಿದರು. ವೈನಿ ನನ್ನ ಮುಖ ನೋಡಿದಳು, ಆಮೇಲೆ ಹೇಳಿದಳು:

"ಆಮ್ಹೀ ದೋಘೀ." ನಾವಿಬ್ಬರೂ!

ನಿನ್ನ ತಂಗಿ,
ಗೌರಿ