ಎಡಗೈಯ ಗೀರು

ಮಿರ್ಕಾಬ್, ಕುವೈತ್
೧೪ ನವೆಂಬರ್ ೨೦೨೪

ಪ್ರೀತಿಯ ಅಮ್ಮಾ,

ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಕಾಗದ. ಇವತ್ತು ಊರಿಗೆ ಹೊರಟಿರುವ ಕೆಳಗಿನ ಫ್ಲಾಟಿನ ನೈಜೆಲ್ ತಂದುಕೊಡುತ್ತಾನೆ. ಬೆಳಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಚಾ ಮಾಡುತ್ತೇನೆ, ಕುಡಿಯಲು ಮರೆಯುತ್ತೇನೆ.

ನಮ್ಮ ಎಡ್ನಾ ಮೇಡಂ ಗೊತ್ತಲ್ಲ, ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಶಾಯಿ ಬಳಿದು, ಕಾಗದಕ್ಕೆ ಒತ್ತುವ ಅಮೆರಿಕದವರು. ಓಹಿಯೊದಲ್ಲಿ ಟೀಚರ್ ಕೆಲಸ ಬಿಟ್ಟು ಉಳಿ ಹಿಡಿದಾಗ, ಹೆಂಗಸಿಗೇಕೆ ಬಡಗಿ ಕೆಲಸ ಎಂದು ಅಲ್ಲಿಯವರು ನಕ್ಕರಂತೆ. ಗಂಡನ ಜೊತೆ ಇಲ್ಲಿಗೆ ಬಂದರು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು ದೋಣಿ ಕಟ್ಟುವವರನ್ನು, ಮೀನು ಮಾರುವವರನ್ನು ಕೆತ್ತಿದರು. ಈಗ ಅವರ ಚಿತ್ರಗಳು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ.

ಕಳೆದ ವರ್ಷ ಅವರ ಬಲಗೈ ನಡುಗಲು ಶುರುವಾಯಿತು. ಅಂದಿನಿಂದ ಚಿತ್ರ ಬರೆಯುವುದು ಅವರು, ಕೆತ್ತುವುದು ಅವರಲ್ಲಿ ಶಾಯಿ ತೊಳೆಯಲು ಸೇರಿದ್ದ ನಾನು. ಹೊರಗೆ ಯಾರಿಗೂ ಹೇಳಿಲ್ಲ. ನಾಳೆ ಶರ್ಕ್‌ನ ಗ್ಯಾಲರಿಯಲ್ಲಿ ಪ್ರದರ್ಶನ, ಎಲ್ಲವೂ ಅವರೊಬ್ಬರ ಹೆಸರಲ್ಲೇ.

ಮೊನ್ನೆ ಗ್ಯಾಲರಿಯ ಶಬೀರ್ ಭಾಯಿ ಬಂದವರು, ಗೀರುಗಳೆಲ್ಲ ಈ ಸಲ ಯಾಕೆ ಎದುರು ದಿಕ್ಕಿಗೆ ವಾಲಿವೆ ಎಂದು ಕೇಳಿದರು. ಎಡಗೈಯಲ್ಲಿ ತಿಂದರೆ ನೀನು ಬಾರಿಸುತ್ತಿದ್ದೆಯಲ್ಲ, ಊಟಕ್ಕಷ್ಟೇ ಬಲಗೈ ಬಂತು ಅಮ್ಮಾ. ಉಳಿ ನಿಲ್ಲುವುದು ಎಡಗೈಯಲ್ಲೇ. ಮೇಡಂ ತನಗೆ ವಯಸ್ಸಾಯಿತೆಂದು ನಕ್ಕು ಮಾತು ಹಾರಿಸಿದರು.

ಅವರು ಹೋದ ಮೇಲೆ ಮೇಡಂ ಪೆನ್ಸಿಲನ್ನು ನನ್ನ ಮುಂದಿಟ್ಟು, ಎಲ್ಲ ಪ್ರತಿಗಳಲ್ಲೂ ತನ್ನ ಸಹಿಯ ಪಕ್ಕ ನನ್ನದೂ ಇರಲಿ ಎಂದರು. ಸಹಿ ಮಾಡಿದರೆ ಅವರ ಕೈ ಹೋದದ್ದು ಎಲ್ಲರಿಗೂ ಗೊತ್ತಾಗುತ್ತದೆ, ಗ್ಯಾಲರಿಯವರು ಖಲಾಸ್ ಎಂದರೂ ಎಂದಾರು. ಮಾಡದಿದ್ದರೆ ನಾನು ಕೊನೆಯವರೆಗೂ ಶಾಯಿ ತೊಳೆಯುವ ಹುಡುಗಿಯೇ. ಆಸೆ ಇಲ್ಲವೆಂದಲ್ಲ, ಸಾಯುವಷ್ಟಿದೆ. ಆದರೂ ಆ ಮುದುಕಿಯ ಮರ್ಯಾದೆ ಕಳೆದು ನನಗೆ ಹೆಸರು ಬೇಡ ಎಂದುಬಿಟ್ಟೆ. ಅವರು ಪೆನ್ಸಿಲನ್ನು ಅಲ್ಲೇ ಬಿಟ್ಟು ಎದ್ದುಹೋದರು.

ಮಾಡಿದ್ದು ಸರಿ ತಾನೇ? ಸರಿ ಅಂತ ಒಂದು ಮಾತು ಹೇಳು.

ನಿನ್ನ ಬೈಗುಳವಿಲ್ಲದೆ ಬೇಸತ್ತಿರುವ,
ಅಶ್ಮಿತಾ

ವಿ.ಸೂ.: ನಿನ್ನ ಮುಂದೆಯೂ ಒಳ್ಳೆಯವಳಾಗಲು ಹೊರಟಿದ್ದೆ. ಶಬೀರ್ ಭಾಯಿ ಬರುವ ಹಿಂದಿನ ದಿನವೇ, ಮೇಡಂ ಆಸ್ಪತ್ರೆಗೆ ಹೋಗಿದ್ದಾಗ, ಒಂದು ಪ್ರತಿಯಲ್ಲಿ ಅವರ ಪೆನ್ಸಿಲ್ ಸಹಿ ಉಜ್ಜಿ ಅಳಿಸಿ ನನ್ನ ಹೆಸರು ಬರೆದಿದ್ದೆ. ಆಮೇಲೆ ಹೆದರಿ ಅದನ್ನು ಕಟ್ಟಿನ ಅಡಿಯಲ್ಲಿ ತುರುಕಿದೆ. ಶಬೀರ್ ಭಾಯಿ ಈಗಷ್ಟೇ ಫೋನ್ ಮಾಡಿದ್ದರು. ಮೇಡಂ ಅದೇ ಪ್ರತಿಗೆ ಫ್ರೇಮ್ ಹಾಕಿಸಿ ಕಳಿಸಿದ್ದಾರಂತೆ, ಬಾಗಿಲಿನ ಎದುರಿಗೇ ತೂಗುಹಾಕಬೇಕಂತೆ. ಅದರಲ್ಲಿ ನನ್ನ ಹೆಸರೊಂದೇ ಇದೆ ಅಮ್ಮಾ.